ಉಸ್ತಾದರ ಗೊರಕೆಯೊಂದಿಗೆ ನನ್ನ ಕುಸ್ತಿ

ನಾನು ಒಂದು ಗಾಳಿ ಊದುವ ಯಂತ್ರ. ಮೈ ಟಿಫಿನ್ ಡಬ್ಬಿಯಷ್ಟು, ಮೂಗು ಮಾತ್ರ ಆನೆಯ ಸೊಂಡಿಲಿನಷ್ಟು! ಹುಟ್ಟಿದ್ದು ಧೂಳಿಲ್ಲದ ಕಾರ್ಖಾನೆಯಲ್ಲಿ, ಬಾಳಿದ್ದು ಧಾರವಾಡದ ಕಡೆಯ ಗರಡಿಮನೆಯ ಕೆಮ್ಮಣ್ಣಿನಲ್ಲಿ. ಹಣೆಬರಹ ನೋಡಿ!

ಆಸ್ಪತ್ರೆಯ ಕಪಾಟಿನಿಂದ ನನ್ನನ್ನು ಎತ್ತಿಕೊಂಡು ಬಂದವರು ದ್ಯಾಮವ್ವ. ಅವರ ಗಂಡ ಫಕೀರಪ್ಪ ಉಸ್ತಾದರು ಗರಡಿಯ ಗುರು. ಕಂಬದಂಥ ಕುತ್ತಿಗೆ, ಮಧ್ಯಾಹ್ನ ಮಲಗಿದರೆ ಮಾಡಿನ ತಗಡು ನಡುಗುವಂಥ ಗೊರಕೆ. 'ಗೊರಕಿ ಅಲ್ಲೋ, ಹುಲಿ ಘರ್ಜನಿ!' ಎಂದು ಶಿಷ್ಯರಿಗೆ ಹೆಮ್ಮೆಯೋ ಹೆಮ್ಮೆ. ನಡುನಡುವೆ ಉಸಿರೇ ನಿಲ್ಲುತ್ತಿದ್ದದ್ದನ್ನು ಕಂಡವರು ದ್ಯಾಮವ್ವ ಒಬ್ಬರೇ. ಹಿಂದಿನ ವರ್ಷದ ನಾಗರಪಂಚಮಿ ಕುಸ್ತಿಯಲ್ಲಿ ಉಸ್ತಾದರು ತೀರ್ಪು ಹೇಳುವ ಪಂಚರಾಗಿ ಕುಳಿತಲ್ಲೇ ನಿದ್ದೆ ಹೋಗಿದ್ದರು. ಯಾರ ಬೆನ್ನು ಮಣ್ಣಿಗೆ ಹತ್ತಿತೆಂದು ಹೇಳಲಾಗದೆ ತಲೆ ತಗ್ಗಿಸಿದ್ದರು. 'ಇನ್ನೊಮ್ಮೆ ಹಿಂಗಾದ್ರ ಬ್ಯಾರೆ ಪಂಚರನ್ನ ತರತೀವಿ' ಎಂದಿದ್ದರು ಕಮಿಟಿಯವರು.

'ನಿದ್ದಿಯೊಳಗ ಗಂಟಲ ಮುಚ್ಚಿಕೊಳ್ಳತೈತ್ರಿ' ಎಂದು ಆಸ್ಪತ್ರೆಯಲ್ಲಿ ದ್ಯಾಮವ್ವನಿಗೆ ಹೇಳಿದ್ದರು ಡಾಕ್ಟರಮ್ಮ. 'ಅದಕ್ಕ ಬಿಪಿ, ಅದಕ್ಕ ತೂಕಡಿಕಿ. ಹಿಂಗ ಬಿಟ್ರ ಹೃದಯಕ್ಕ ಪೆಟ್ಟು. ಈ ಯಂತ್ರದ ಗಾಳಿ ಗಂಟಲ ತೆರದಿಡತೈತಿ.'

'ಎತ್ತಿನ ಬಾಯಿಗೆ ಕುಕ್ಕಿ ಹಾಕಿದಂಗ ಹಾಕ್ತಿಯಲ್ಲ!' ಎಂದು ಉಸ್ತಾದರು ಮೂಗಿಗೆ ಕಟ್ಟುವ ನನ್ನ ಮುಖವಾಡ ನೋಡಿ ಕೆಲವು ದಿನ ಜಗಳವಾಡಿದರು. ಆಮೇಲೊಂದು ದಿನ ಎದ್ದವರೇ ತೊಡೆ ತಟ್ಟಿದರು. 'ದ್ಯಾಮೀ, ಹರೇದಾಗ ಎದ್ದಂಗ ಎದ್ದೆ ನೋಡ!' ಆಹಾ, ನಾನು ಗೆದ್ದಿದ್ದೆ!

ಅಷ್ಟರಲ್ಲಿ ಮತ್ತೆ ಪಂಚಮಿಯ ತಯಾರಿ ಶುರುವಾಯಿತು. ಶಿಷ್ಯರು ಗರಡಿ ಪೂಜೆಯಲ್ಲಿ ನನ್ನನ್ನೂ ಗದೆಯ ಪಕ್ಕ ಕೂರಿಸಿ, ಕುಂಕುಮ ವಿಭೂತಿ ಮೆತ್ತಿದರು. ಎಲ್ಲಿಗೆ ಅಂತೀರಿ? ಸರಿಯಾಗಿ ನಾನು ಗಾಳಿ ಎಳೆಯುವ ಕಿಂಡಿಗೆ! ಅವರ ಭಕ್ತಿಗೆ ನನ್ನ ಉಸಿರು ಕಟ್ಟಿತು. ಗಾಳಿಯೊಂದಿಗೆ ಪುಡಿ ಮೂಗಿಗೇರಿ, ಉಸ್ತಾದರು ಸೀನಿ ಸೀನಿ ನನ್ನನ್ನು ಮೂಲೆಗೆ ತಳ್ಳಿದರು. ಹಳೆಯ ಗೊರಕೆ, ಹಳೆಯ ತೂಕಡಿಕೆ ಮರಳಿದವು. ಕುಸ್ತಿ ಹತ್ತಿರದಲ್ಲೇ ಇತ್ತು, ನನಗೆ ನಿಜಕ್ಕೂ ಭಯವಾಯಿತು. ದ್ಯಾಮವ್ವ ಶಿಷ್ಯರನ್ನು ಚೆನ್ನಾಗಿ ಬೈದು, ಕಿಂಡಿಯ ಜಾಲರಿ ತೊಳೆದು ಒಣಗಿಸಿ, ಗಂಡನ ಮುಂದೆ ಕೂತರು.

'ಪಂಚರ ಪದವಿ ಹಾಳಾಗ್ಲಿ. ನೀವು ಉಳೀರಿ. ಕಟಗೊಳ್ರಿ.'

ಅವರು ಮುಖವಾಡ ಎತ್ತಿ ಮೂಗಿಗೆ ಕಟ್ಟಿಕೊಂಡರು.

ಕುಸ್ತಿಯ ದಿನ ಮೈಕಿನ ಕೂಗು ಗರಡಿಗೂ ಕೇಳುತ್ತಿತ್ತು. ಕೊನೆಯ ಜೋಡಿಯಲ್ಲಿ ಉಸ್ತಾದರ ಸ್ವಂತ ಮಗ ಮಲ್ಲೇಶಿ! ಹಲಗೆ ವಾದ್ಯ ಮೊಳಗಿತು, ಜನ ಹುಚ್ಚೆದ್ದು ಕೂಗಿದರು. ಇಬ್ಬರೂ ಒಟ್ಟಿಗೆ ಉರುಳಿದರಂತೆ. ಯಾರು ಗೆದ್ದರು? ಎಲ್ಲರೂ ಪಂಚರತ್ತ ತಿರುಗಿದರಂತೆ. ಆಗ ಉಸ್ತಾದರ ದನಿ ಗುಡುಗಿತು: 'ಮೊದಲ ಮಣ್ಣಿಗೆ ಹತ್ತಿದ್ದು ನನ್ನ ಮಗನ ಬೆನ್ನು. ನಾ ಕಣ್ಣಾರೆ ಕಂಡೇನಿ!'

ಕಾಲಿದ್ದರೆ ನಾನು ಕುಣಿದೇ ಬಿಡುತ್ತಿದ್ದೆ.

ಈಗ ನನ್ನ ಮೋಟಾರು ಮುದಿಯಾಗಿದೆ. ಉಸ್ತಾದರಿಗೆ ಹೊಸ ಯಂತ್ರ ಬಂದಿದೆ, ನಾನು ಗದೆಯ ಪಕ್ಕದ ಗೂಡಿನಲ್ಲಿದ್ದೇನೆ. ಪ್ರತಿ ಪಂಚಮಿಗೆ ಮಲ್ಲೇಶಿ ಬರುತ್ತಾನೆ. ಕಿಂಡಿ ಬಿಟ್ಟು, ನೆತ್ತಿಗಷ್ಟೇ ಕುಂಕುಮ ಇಡುತ್ತಾನೆ.

'ನೀ ಅಪ್ಪನ್ನ ಎಚ್ಚರ ಇಡದಿದ್ರ ಅವತ್ತ ನಾ ಗೆಲ್ಲತಿದ್ದೆ ನೋಡ ಮಗನ!' ಎಂದು ಗದರುತ್ತಾನೆ. ಹೊರಗೆ ಕೆಮ್ಮಣ್ಣು ಹದ ಮಾಡುತ್ತಿರುವ ಅಪ್ಪನನ್ನು ಒಮ್ಮೆ ನೋಡುತ್ತಾನೆ. ಆಮೇಲೆ ನನಗೆ ಕೈ ಮುಗಿಯುತ್ತಾನೆ.