ಊದಿದ ವಸಡು, ಸಡಿಲ ಹೊಲಿಗೆ

ಡಾಕ್ಟರ ಕನ್ನಡಕದ ಎರಡು ಗಾಜುಗಳಲ್ಲೂ ಅವಳದೇ ಬಾಯಿ, ಎರಡು ಪುಟ್ಟ ಕೆಂಪು ಗುಹೆಗಳ ಹಾಗೆ ತೆರೆದುಕೊಂಡಿದೆ, ಗುಹೆಯೊಳಗೆ ದೀಪ, ದೀಪದ ಕೆಳಗೆ ಆ ಹಾಳು ವಸಡು, ಮುಂದಿನ ಹಲ್ಲಿನ ಪಕ್ಕದಲ್ಲಿ ಉಬ್ಬಿ ಹೊಳೆಯುತ್ತಿದೆ — ಇಷ್ಟು ದಿನ ಕನ್ನಡಿಯ ಮುಂದೆ ತುಟಿ ಎತ್ತಿ ಎತ್ತಿ ಬೈದದ್ದು ಇದನ್ನೇ, ಇದನ್ನಲ್ಲ, ಇದನ್ನು ತಂದಿಟ್ಟವಳನ್ನು. ಅಮ್ಮಾ, ಇನ್ನೂ ಸ್ವಲ್ಪ ದೊಡ್ಡದಾಗಿ ಬಾಯಿ ತೆಗೀರಿ, ಮನೇಲಿ ಯಜಮಾನ್ರ ಮೇಲೆ ತೆಗೆಯೋ ಹಾಗೆ, ಎನ್ನುತ್ತಾರೆ ಡಾಕ್ಟರು, ತಮ್ಮ ಮಾತಿಗೆ ತಾವೇ ನಗುತ್ತಾರೆ, ನಗಲಿ, ಅವಳಿಗೂ ಒಳಗೊಳಗೇ ನಗು, ಗೋಡೆ ಗಡಿಯಾರದ ಮುಳ್ಳು ಸಂಜೆಯ ಕಡೆಗೆ ವಾಲುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಈ ಬೀದಿಯ ಕೊನೆಯ ವಾಚನಾಲಯದಲ್ಲಿ ಅವಳ ಓರಗಿತ್ತಿಗೆ, ಗಂಡನ ಅಣ್ಣನ ಹೆಂಡತಿಗೆ, ನಿವೃತ್ತಿಯ ಸನ್ಮಾನ, ನೇರಳೆ ಬಣ್ಣದ ನಿಲುವಂಗಿಯಲ್ಲಿ ವೇದಿಕೆ ಹತ್ತುತ್ತಾಳೆ, ಮಾತಿಗೆ ನಿಲ್ಲುತ್ತಾಳೆ, ಬಲಗೈ ಎತ್ತುತ್ತಾಳೆ. ಎತ್ತದೆ ಇರುವವಳೇ ಅಲ್ಲ. ಬದುಕೆಲ್ಲ ಮೇಲಿನ ಕಪಾಟಿನಿಂದ ಪುಸ್ತಕ ಇಳಿಸಿದ ಕೈ, ಮಾತಾಡುವಾಗಲೂ ತಾನಾಗಿ ಮೇಲಕ್ಕೆ ಹೋಗುತ್ತದೆ, ಆಗ ಕಂಕುಳಿನಿಂದ ಸೊಂಟದವರೆಗೆ — ಚರ್ರ್. ಎಂಥ ಸದ್ದು, ಆ ನಿಲುವಂಗಿ ಹೊಲಿದ ಟೈಲರು ಇವಳೇ, ಟೈಲರಿನ ಕಿವಿಗೆ ಇದಕ್ಕಿಂತ ಕೆಟ್ಟ ಸದ್ದಿಲ್ಲ, ಇವತ್ತು ಇದಕ್ಕಿಂತ ಸಿಹಿಯಾದದ್ದೂ ಇಲ್ಲ. ಅಳತೆಗೆ ಹಾಕಿಸಿದಾಗ ಗಟ್ಟಿ ಹೊಲಿಗೆಯೇ ಇತ್ತು, ಅಕ್ಕ, ಕೈ ಎತ್ತಿ ನೋಡಿ, ಎಂದಳು, ಅಕ್ಕ ಎತ್ತಿದಳು, ಎಷ್ಟು ಚೆನ್ನಾಗಿ ಕೂತಿದೆ ಪುಟ್ಟಿ, ನಿನ್ನ ಕೈ ಅಂದ್ರೆ ಕೈ ಕಣೇ, ಎಂದಳು, ಬಿಚ್ಚಿಡಿ ಅಕ್ಕ, ಇಸ್ತ್ರಿ ಹಾಕಿ ಕಳಿಸ್ತೀನಿ, ಎಂದು ಅಂಗಡಿಗೆ ವಾಪಸು ತಂದು, ಬಲಗಡೆಯ ಆ ಹೊಲಿಗೆಯೊಂದನ್ನು ಪೂರ್ತಿ ಬಿಚ್ಚಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಬಿಟ್ಟಳು, ತುದಿಗೆ ಗಂಟು ಕೂಡ ಇಲ್ಲದೆ. ಒಂದೊಂದು ಹೊಲಿಗೆಗೂ ದೇವರ ಹೆಸರು ಹೇಳ್ಕೋ ಮಗಳೇ, ಹಾಕ್ಕೊಂಡವರ ಮೈ ಕಾಯುತ್ತೆ, ಎನ್ನುತ್ತಿದ್ದ ಅಪ್ಪ, ಟೈಲರು, ಅವನಿಂದಲೇ ಕಲಿತ ಕೆಲಸ, ಹೇಳದೆ ಸೂಜಿ ಎತ್ತಿದವಳಲ್ಲ ಅವಳು, ಆ ಹೊಲಿಗೆಯಲ್ಲಿ ಮಾತ್ರ ಹೆಸರು ಬಾಯಿಗೆ ಬರಲಿಲ್ಲ, ವಸಡು ನೋಯುತ್ತಿತ್ತಲ್ಲ ಅದಕ್ಕೇ, ಎಂದುಕೊಂಡು ನೂಲನ್ನು ಹಲ್ಲಿಗೆ ಕೊಟ್ಟು ಕಟುಕ್ಕನೆ ಕಡಿದಳು.

ನೋವಾಯ್ತಾ? ಆಯ್ತು, ಡಾಕ್ಟರ ಸಣ್ಣ ಕೊಕ್ಕೆ ವಸಡಿನ ಅಂಚಿಗೆ ತಾಗಿದ್ದೇ ನಾಲಿಗೆಗೆ ಉಪ್ಪುಪ್ಪು ರಕ್ತ, ಉಗೀರಿ, ಉಗಿದಳು, ಬಿಳಿ ಬೋಗುಣಿಯಲ್ಲಿ ಕೆಂಪು ಎಳೆ ಸುತ್ತಿ ಸುತ್ತಿ ಇಳಿಯಿತು. ಎಷ್ಟು ಸಲ ಹಲ್ಲು ಕ್ಲೀನ್ ಮಾಡಿಸಿದ್ರಿ, ಎರಡು ಸಲ, ಕಮ್ಮಿ ಆಗ್ತಿತ್ತಾ, ಆಗ್ತಿತ್ತು, ಮತ್ತೆ ಬರ್ತಿತ್ತಾ, ಬರ್ತಿತ್ತು, ಅದೇ ಜಾಗದಲ್ಲೇ ಅಂದ್ರೆ ಅಲ್ಲಿ ಯಾರೋ ಬಾಡಿಗೆಗಿದಾರೆ ಅಂತ ಅರ್ಥ, ಹುಡುಕೋಣ. ಹುಡುಕುವುದೇನು, ಬಾಡಿಗೆಗಿರುವವಳು ಯಾರೆಂದು ಅವಳಿಗೆ ಗೊತ್ತು, ಬಾಯಿ ಖಾಲಿಯಿದ್ದರೆ ಹೇಳಿಬಿಡುತ್ತಿದ್ದಳು, ನನ್ನ ಓರಗಿತ್ತಿ ಡಾಕ್ಟ್ರೇ, ನಗುನಗುತ್ತಾ ಹಲ್ಲುಪುಡಿ ಡಬ್ಬಿ ತಂದು ಕೊಟ್ಟಳು, ತಾನೇ ಕುಟ್ಟಿ ಮಾಡಿದ್ದಂತೆ, ಉಜ್ಜು ಪುಟ್ಟಿ, ವಸಡು ಗಟ್ಟಿಯಾಗುತ್ತೆ, ಅದರಲ್ಲಿ ಏನು ಬೆರೆಸಿದ್ದಳೋ, ಅವತ್ತಿನಿಂದ ಇವತ್ತಿನವರೆಗೆ ಇಳಿದಿಲ್ಲ. ಅವತ್ತಿನಿಂದಲೇ? ಮೊದಲೂ ಇತ್ತಲ್ಲ, ಇದ್ದದ್ದಕ್ಕೇ ಅಲ್ಲವೆ ಪುಡಿ ತಂದದ್ದು — ಇರಲಿ, ಇದ್ದದ್ದು ಹೆಚ್ಚಾಯಿತು. ವಸಡಲ್ವಾ, ಸಿಟ್ಟು ಬಂದು ಊದ್ಕೊಂಡಿರುತ್ತೆ ಬಿಡು, ಎಂದ ಗಂಡ, ಅವನಿಗೇನು, ಅತ್ತಿಗೆ ಅಂದರೆ ಅವನಿಗೆ ತಾಯಿ ಸಮಾನ, ಅತ್ತಿಗೆ ಏನು ಮಾಡಿದರೂ ಸರಿ, ಅಪ್ಪನ ಕತ್ತರಿ ಹಾಳು ಮಾಡಿದ್ದೂ ಸರಿ. ಕತ್ತರಿ. ಕೈಯಲ್ಲಿ ಹಿಡಿದರೆ ಮೊಣಕೈವರೆಗೂ ತೂಕ ಗೊತ್ತಾಗುವಂಥ ಕಬ್ಬಿಣದ ಕತ್ತರಿ, ಅಪ್ಪ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಅಲಗಿನ ಮೇಲೆ ತಾನೇ ಅರ ಹಿಡಿದು ಕೊರೆದಿದ್ದ ಪುಟ್ಟ ನಕ್ಷತ್ರ, ನೀನು ಹುಟ್ಟಿದ ದಿನ ಕೊರೆದದ್ದು, ಎನ್ನುತ್ತಿದ್ದ, ಕಣ್ಣು ಮಂಜಾದ ಮೇಲೆ ಹೆಬ್ಬೆರಳಿನಿಂದ ಅದನ್ನು ಸವರಿಯೇ ಕತ್ತರಿ ಗುರುತು ಹಿಡಿಯುತ್ತಿದ್ದ. ಅದನ್ನು ಆ ಮಹಾತಾಯಿ, ಅವಳು ಅಂಗಡಿಯಲ್ಲಿಲ್ಲದಾಗ ಬಂದು, ವಾಚನಾಲಯದ ಹಳೇ ಪುಸ್ತಕಗಳಿಗೆ ರಟ್ಟು ಕತ್ತರಿಸಲು ಒಯ್ದಳು, ರಟ್ಟು! ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದ್ದಕ್ಕೆ ಚಿಕ್ಕಂದಿನಲ್ಲಿ ಅಪ್ಪನಿಂದ ಒಂದೇ ಒಂದು ಸಲ ಏಟು ತಿಂದವಳು ಅವಳು, ಇವಳು ರಟ್ಟು ಕತ್ತರಿಸಿ ಮೊಂಡು ಮಾಡಿದಳು, ಮೊಂಡಾಯಿತೆಂದು ಸಾಣೆಯವನಿಗೆ ಕೊಟ್ಟಳು, ಸಾಣೆಯವನು ಕಿಡಿ ಹಾರಿಸಿ ಹಾರಿಸಿ ಅಲಗನ್ನು ಬೆಳ್ಳಗೆ ಮಾಡಿಟ್ಟ, ನಕ್ಷತ್ರ ಹೋಯಿತು. ನೋಡು ಪುಟ್ಟಿ, ಹೊಸದರ ಹಾಗಿದೆ, ಎಂದು ಅಂಗಡಿ ಬಾಗಿಲಲ್ಲಿ ನಿಂತು ಕೈ ನೀಡಿದಳು, ಅವಳು ತೆಗೆದುಕೊಳ್ಳಲಿಲ್ಲ, ಅಲ್ಲೇ ಇಡಿ, ಎಂದು ಮಷೀನು ತುಳಿಯತೊಡಗಿದಳು, ನೀಡಿದ ಕೈ ಬಹಳ ಹೊತ್ತು ಹಾಗೇ ಇತ್ತು, ಇರಲಿ ಎಂದು ತುಳಿದಳು. ಈಗ ಎತ್ತುತ್ತಾಳಲ್ಲ ಆ ಕೈಯನ್ನು, ಊರವರೆಲ್ಲರ ಮುಂದೆ, ಮೇಲಿನ ಕಪಾಟಿಗೆ ಎತ್ತುವ ಹಾಗೆ, ಚರ್ರ್.

ಏನು ಕೆಲಸ ಮಾಡ್ತೀರಮ್ಮ ನೀವು, ಡಾಕ್ಟರ ದನಿಯಲ್ಲಿ ತಮಾಷೆ ಇಲ್ಲ, ಕೊಕ್ಕೆ ತೆಗೆದು ಭೂತಗನ್ನಡಿ ಹಿಡಿದಿದ್ದಾರೆ, ಹೊಯಿಗೆ, ಎಂದಳು, ಬಾಯಿ ತೆರೆದುಕೊಂಡು ಹೊಲಿಗೆ ಎಂದರೆ ಹಾಗೇ ಬರುತ್ತದೆ, ಅಂದ್ಕೊಂಡೆ, ಎಂದರು ಡಾಕ್ಟರು, ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿದೆ ನೋಡಿ, ನೂಲು ಹಲ್ಲಲ್ಲಿ ಕಡಿಯೋರಿಗೆ ಇದು ಬೀಳುತ್ತೆ, ಅಲ್ಲಾಡಬೇಡಿ, ಚುಚ್ಚಿದ ಮದ್ದಿಗೆ ತುಟಿ ಮರಗಟ್ಟಿ ಯಾರದೋ ತುಟಿಯ ಹಾಗಾಗಿದೆ, ಏನೋ ಎಳೆದ ಹಾಗೆ, ಬೇರಿನಿಂದ ಏನೋ ಬಂದ ಹಾಗೆ, ಬಂತು, ಬನ್ನಿ ಬನ್ನಿ ಬಾಡಿಗೆಯವರೇ, ಎಂದು ಡಾಕ್ಟರು ಚಿಮ್ಮಟವನ್ನು ಬಿಳಿ ಬಟ್ಟೆಯ ಮೇಲೆ ಒರೆಸಿದರು. ನೂಲು. ಹುರಿಗೊಂಡು ಕಪ್ಪಾದ ನೂಲಿನ ತುಣುಕುಗಳು, ಒಂದರ ಮೇಲೊಂದು ಒತ್ತಿಕೊಂಡು ಪುಟ್ಟ ಗಂಟಾಗಿ ಹೋದವು, ಮೇಲ್ಗಡೆ ಒಂದೇ ಒಂದು ಇನ್ನೂ ಬಣ್ಣ ಬಿಡದ ಎಳೆ, ನೇರಳೆ. ಕಡಿದಾಗೆಲ್ಲ ಒಂದೆಳೆ ಒಳಗೆ ಜಾರುತ್ತೆ ಅಮ್ಮ, ಕ್ಲೀನ್ ಮಾಡಿದ್ರೆ ಮೇಲಿಂದು ಹೋಗುತ್ತೆ, ಒಳಗಿಂದು ಕೂತಿರುತ್ತೆ, ನೀವು ಮತ್ತೆ ಕಡೀತೀರಿ, ಮತ್ತೆ ಸೇರುತ್ತೆ, ಮನೇಲಿ ಕತ್ತರಿ ಇಲ್ವಾ? ಕತ್ತರಿ ಇಲ್ವಾ ಅಂತೆ. ಅಲ್ಲಿಗೆ ಪುಡಿಯಲ್ಲ. ಪುಡಿಯಲ್ಲದಿದ್ದರೇನು, ಕತ್ತರಿ ಕೆಡಿಸಿದವಳು ಅವಳೇ ತಾನೆ, ಕೆಡಿಸದಿದ್ದರೆ ನಾನೇಕೆ ಹಲ್ಲಲ್ಲಿ ಕಡಿಯುತ್ತಿದ್ದೆ, ಸುತ್ತಿ ಬಳಸಿ ಎಲ್ಲಿಂದ ನೋಡಿದರೂ ಅವಳ ಬುಡಕ್ಕೇ ಬರುತ್ತದೆ, ಸರಿಯಾಗೇ ಆಗಲಿ ಅವಳಿಗೆ, ಎಂದು ಮನಸ್ಸು ಗೆದ್ದವರ ಹಾಗೆ ಕೂತುಕೊಳ್ಳಲು ಹೋಗುತ್ತದೆ, ಕೂರಲು ಜಾಗ ಸಿಗುತ್ತಿಲ್ಲ, ಯಾಕೆಂದರೆ ಕತ್ತರಿ ಇದೆ, ಮಷೀನಿನ ಡ್ರಾಯರಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದೆ, ರೇಷ್ಮೆಯನ್ನು ನೀರಿನ ಹಾಗೆ ಸೀಳುವಷ್ಟು ಚೂಪಾಗಿ, ಒಂದು ದಿನ ಬಿಚ್ಚಿ ನೋಡಿ ಮತ್ತೆ ಸುತ್ತಿಟ್ಟವಳು ತಾನೇ. ಬಟ್ಟೆ ಕತ್ತರಿಸಲು ಪಕ್ಕದ ಅಂಗಡಿಯವಳ ಹತ್ತಿರ ಕತ್ತರಿ ಬೇಡುತ್ತಿದ್ದಳು, ನೂಲಿಗೆ ಹಲ್ಲು, ಹೊಸದೊಂದು ಕೊಳ್ಳಲೂ ಇಲ್ಲ, ಕೊಂಡರೆ ಸಿಟ್ಟು ತಣ್ಣಗಾದೀತೆಂಬ ಭಯ, ಒಂದೊಂದು ಸಲ ಕಡಿದಾಗಲೂ ನೋಡು, ನೋಡು, ನಿನ್ನಿಂದಾಗಿ, ಎಂದು ಅವಳನ್ನೇ ಕಡಿದ ಹಾಗೆ ಕಡಿಯುತ್ತಿದ್ದಳು. ದೇವರೇ, ಅವಳನ್ನು ಕಡಿದದ್ದೆಲ್ಲ ಹೋಗಿ ಕೂತದ್ದು ಎಲ್ಲಿ.

ಇದನ್ನ ಗಟ್ಟಿಯಾಗಿ ಕಚ್ಚಿಕೊಂಡಿರಿ, ರಕ್ತ ನಿಲ್ಲೋವರೆಗೂ ಮಾತು ಬೇಡ, ಹತ್ತಿ ತುರುಕಿ ಕಳಿಸಿದರು, ಬೀದಿಗಿಳಿದಳು, ಇಳಿಬಿಸಿಲು, ಬೇಕರಿಯ ಮುಂದೆ ಜನ, ಸೈಕಲ್ ಗಂಟೆ, ಎಡಕ್ಕೆ ತಿರುಗಿದರೆ ಮನೆ, ಕಾಲು ಬಲಕ್ಕೆ ತಿರುಗಿದೆ. ನೋಡುವುದಕ್ಕೇ ಹೋಗುತ್ತಿದ್ದೇನೆ, ಬೇರೇನಕ್ಕೂ ಅಲ್ಲ, ಇಷ್ಟು ದಿನ ಕಾದದ್ದನ್ನು ಕಣ್ಣಾರೆ ನೋಡಬೇಡವೆ, ಚೀಲದಲ್ಲಿ ಸೂಜಿ ಇದೆ, ಅದು ಯಾವಾಗಲೂ ಇರುತ್ತದೆ, ನೇರಳೆ ನೂಲೂ ಇದೆ, ಅದು ಹೇಗೋ ಉಳಿದುಕೊಂಡಿದೆ. ಫೋನು ಮಾಡಲೇ, ಬಾಯಲ್ಲಿ ಹತ್ತಿ, ಮೆಸೇಜು ಕಳಿಸಲೇ, ಏನೆಂದು, ಅಕ್ಕ ಇವತ್ತೊಂದು ದಿನ ಕೈ ಎತ್ತಬೇಡಿ ಎಂದೇ, ನಗು ಬಂತು, ಮರಗಟ್ಟಿದ ತುಟಿಗೆ ನಗಲು ಬರಲಿಲ್ಲ, ಯಾಕೆ ಓಡುತ್ತಿದ್ದೇನೆ, ನೋಡಲು ಹೋಗುವವರು ಓಡುತ್ತಾರೆಯೆ, ತಡವಾದರೆ ತಪ್ಪಿಹೋಗುತ್ತದಲ್ಲ ಅದಕ್ಕೆ, ಓಡುತ್ತಲೇ ಬೆರಳುಗಳು ಚೀಲದೊಳಗೆ ಸೂಜಿಗೆ ನೂಲು ಪೋಣಿಸುತ್ತಿವೆ, ಕಣ್ಣಿಲ್ಲದೆ, ಅಪ್ಪನ ಬೆರಳುಗಳ ಹಾಗೆ, ಹೆಸರು ಹೇಳ್ಕೋ ಮಗಳೇ, ಹೇಳಲು ಬಾಯೆಲ್ಲಿ ಅಪ್ಪ. ಸಭಾಂಗಣದ ಪಕ್ಕದ ಬಾಗಿಲು, ಒಳಗೆ ಚಪ್ಪಾಳೆ, ವೇದಿಕೆಯ ಮೆಟ್ಟಿಲ ಹತ್ತಿರ ನೇರಳೆ ಬಣ್ಣ ನಿಂತಿದೆ, ಇನ್ನೂ ಹತ್ತಿಲ್ಲ, ಇನ್ನೂ ಕರೆದಿಲ್ಲ, ಎರಡೂ ಕೈ ಮುಂದೆ ಕಟ್ಟಿಕೊಂಡು ಹೊಸ ಬಟ್ಟೆ ಹಾಕಿದ ಮಗುವಿನ ಹಾಗೆ ನಿಂತಿದ್ದಾಳೆ, ಕುರ್ಚಿಗಳ ಸಾಲು ದಾಟಿದರೆ ಸಾಕು, ಪರದೆಯ ಹಿಂದೆ ಎಳೆದುಕೊಂಡು ಹೋಗಿ ನಾಲ್ಕು ಹೊಲಿಗೆ ಹಾಕಿದರೆ ಸಾಕು — ಹಾಕುತ್ತೇನೆಯೆ, ಹಾಕುವುದಿಲ್ಲ, ಹಾಕುತ್ತೇನೆ — ಅಷ್ಟರಲ್ಲಿ ಓರಗಿತ್ತಿ ತಿರುಗಿದಳು, ಕಂಡಳು, ಬಾಯಿ ಊದಿಸಿಕೊಂಡು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವಳನ್ನು ಕಂಡು ಮುಖ ಪೂರ್ತಿ ಅರಳಿತು, ನಮ್ಮ ಪುಟ್ಟಿ, ನಮ್ಮ ಪುಟ್ಟಿ ಬಂದ್ಲು ನೋಡಿ, ಇದನ್ನ ಹೊಲಿದವಳು ಅವಳೇ, ಎಂದು ಪಕ್ಕದವರಿಗೆ ಹೇಳುತ್ತ, ಬಾ ಬಾ ಎಂದು ಕರೆಯುತ್ತ ಬಲಗೈ ಕಟ್ಟು ಬಿಚ್ಚಿಕೊಂಡಿತು, ಬೇಡ, ತಲೆ ಅಲ್ಲಾಡಿಸಿದಳು, ಬೇಡ ಅಕ್ಕ, ಹತ್ತಿ ಕಚ್ಚಿದಳು, ಹತ್ತಿಯೊಳಗೆ ಉಪ್ಪುಪ್ಪು, ಕೈ ಏಳುತ್ತಿದೆ, ಮೇಲಿನ ಕಪಾಟಿನ ಕಡೆಗಲ್ಲ, ಅವಳ ಕಡೆಗೆ, ಅಂಗಡಿ ಬಾಗಿಲ ಬಿಸಿಲಿನಲ್ಲಿ ನೀಡಿದ ಕೈಯೇ ಇದು, ಆವತ್ತು ಮಷೀನು ತುಳಿಯುತ್ತ ಓರೆಗಣ್ಣಲ್ಲಿ ನೋಡಿಯೂ ನೋಡದ ಕೈ, ತಗೋ ಪುಟ್ಟಿ, ಹುಷಾರು, ಚೂಪಿದೆ, ಕತ್ತರಿಯ ಹಿಡಿ ಪುಟ್ಟಿಯ ಕಡೆಗೆ, ಅಲಗು ತನ್ನ ಮುಷ್ಟಿಯೊಳಗೆ, ಹಿಡಿ ಇತ್ತ ಕಡೆಗೆ, ಅಲಗು ಮುಷ್ಟಿಯೊಳಗೆ, ಮುಷ್ಟಿಯ ಸಂದಿಯಲ್ಲಿ ರಕ್ತದ ಒಂದೇ ಒಂದು ಕೆಂಪು ಎಳೆ —