ಮನೆ ಗುರುತಿಗೊಂದು ಆಕಾಶಬುಟ್ಟಿ

ದಾರಕ್ಕೆ ಸೀಮೆಎಣ್ಣೆ ವಾಸನೆ, ಎಲ್ಲಿಟ್ಟಿದ್ದರೋ ಏನೋ, ಹಲ್ಲಲ್ಲಿ ಕಚ್ಚಿದರೆ ಬಾಯೆಲ್ಲ ಒಂಥರಾ, ಕಚ್ಚದೆ ಇನ್ನೇನು ಮಾಡಲಿ, ಒಂದು ಕೈಯಲ್ಲಿ ಆಕಾಶಬುಟ್ಟಿ, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಸಜ್ಜೆಯ ಕೊಕ್ಕೆ, ಮೂರನೇ ಕೈ ದೇವರು ಕೊಟ್ಟಿಲ್ಲ — ಕೊಟ್ಟಿದ್ದರೆ ಅದಕ್ಕೂ ಒಂದು ಕೆಲಸ ಹಚ್ಚುತ್ತಿದ್ದರು ಈ ಮನೆಯಲ್ಲಿ — ಕೆಳಗೆ ಅತ್ತೆ ಎರಡೂ ಕೈಯಲ್ಲಿ ಸ್ಟೂಲು ಹಿಡಿದು ನಿಂತಿದ್ದಾರೆ, ದೊಡ್ಡಮುನಿಯಮ್ಮ ಅಂದರೆ ಒಂದು ಕಾಲಕ್ಕೆ ಊರೆಲ್ಲ ಹೆದರುತ್ತಿತ್ತು, ಈಗ ಮೇಲಿನಿಂದ ನೋಡಿದರೆ ಬೈತಲೆ ಅಗಲವಾದ ಒಂದು ಹಿಡಿ ತಲೆ, ಅಷ್ಟೇ. ಸ್ಟೂಲಿಗೆ ಒಂದು ಕಾಲು ಮೋಟು, ಹಿಡಿಯುವವರಿಲ್ಲದಿದ್ದರೆ ಹತ್ತುವ ಹಾಗಿಲ್ಲ. ಇನ್ನೊಂಚೂರು ಮೇಲಕ್ ಕಟ್ಟು ಕಣಮ್ಮ, ಟಿನ್ ಫ್ಯಾಕ್ಟ್ರಿ ಕಡೆಯಿಂದ ಬರೋರ್ಗೆ ಕಾಣ್ಬೇಕು. ಕಾಣುತ್ತೆ, ಚೆನ್ನಾಗಿ ಕಾಣುತ್ತೆ, ನಡುವೆ ಮೂರಂತಸ್ತಿನ ಮನೆಗಳು, ಸೋಪಿನ ಜಾಹೀರಾತಿನ ಬೋರ್ಡು, ಮೊಬೈಲ್ ಟವರು, ಅದರಾಚೆ ಹೊಸ ತೂಗುಸೇತುವೆ, ಇದನ್ನೆಲ್ಲ ತೂರಿಕೊಂಡು ಒಂದು ಜೀರೋ ಬಲ್ಬಿನ ಬೆಳಕು ಬಸ್‌ಸ್ಟಾಪಿನವರೆಗೆ ಹೋಗುತ್ತದೆ, ಇವರ ಮಗ ಅದನ್ನು ಹಿಡಿದುಕೊಂಡು ನಡೆದು ಬರುತ್ತಾನೆ. ಹೂಂ, ಅಂದೆ. ದಾರ ಕಚ್ಚಿಕೊಂಡರೆ ಹೂಂ ಒಂದೇ ಬರುವುದು, ಅದೂ ಒಳ್ಳೆಯದೇ ಆಯಿತು ಇವತ್ತು.

ಕುತ್ತಿಗೆ ನೋಯುತ್ತಿದೆ, ಬೆಳಿಗ್ಗೆ ಎಣ್ಣೆಸ್ನಾನ ಆದಾಗಿನಿಂದ ಕೂತಿಲ್ಲ, ಕಜ್ಜಾಯ ಸುಟ್ಟೆ, ಅತ್ತೆ ಮುಟ್ಟುವುದಿಲ್ಲ, ಮುನೀಂದ್ರ ಬರುವವರೆಗೆ ಕಜ್ಜಾಯ ಬಾಯಿಗಿಡುವುದಿಲ್ಲ ಎಂದು ಹರಕೆ, ಆದರೆ ಸುಡಲೇಬೇಕು, ಅವನು ಇವತ್ತೇ ಬಂದುಬಿಟ್ಟರೆ ಎಲೆ ಮೇಲೆ ಏನು ಹಾಕ್ತೀಯ ಅನ್ನುತ್ತಾರೆ. ಹೀಗೆ ಎಷ್ಟು ದೀಪಾವಳಿ ಕಳೆದವು, ವಿಮಾನಪುರದ ಕಾರ್ಖಾನೆಗೆ ಎರಡನೇ ಶಿಫ್ಟಿಗೆಂದು ಹೋದವನು ವಾಪಸು ಬರಲಿಲ್ಲ, ಟಿನ್ ಫ್ಯಾಕ್ಟರಿಯಲ್ಲಿ ಹೊಸಕೋಟೆ ಬಸ್ಸು ಹತ್ತಿದ್ದನ್ನು ಕಂಡವರಿದ್ದರು, ಕೈಯಲ್ಲಿ ಒಂದು ಚೀಲ ಇತ್ತಂತೆ, ಚೀಲ ಇದ್ದರೆ ಹೋದದ್ದು ತಾನೇ, ಸತ್ತದ್ದಲ್ಲ ತಾನೇ, ಇಷ್ಟು ಬುದ್ಧಿ ನೆಂಟರಿಗೆ ಬರಲಿಲ್ಲ. ಮೊದಲ ವರ್ಷ ಹಬ್ಬಕ್ಕೆ ಬಂದವರು ಬಾಗಿಲಲ್ಲೇ ಗುಸುಗುಸು, ಈ ಸಲ ನಿಮಗೆ ಹಬ್ಬ ಇರಲ್ವೇನೋ ಅಂದ್ಕೊಂಡ್ವಿ, ಬುಟ್ಟಿ ಕಟ್ದಂಗಿಲ್ವೇನೋ. ಸಾವಾದ ಮನೆ ವರ್ಷವಿಡೀ ಬುಟ್ಟಿ ಕಟ್ಟುವುದಿಲ್ಲ, ಕತ್ತಲಾದ ಜಗುಲಿ ನೋಡಿಯೇ ಬೀದಿಗೆ ಗೊತ್ತಾಗುತ್ತದೆ ಇಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು. ಅತ್ತೆ ಪೊರಕೆ ಹಿಡಿದೇ ಹೊರಗೆ ಬಂದರು, ನನ್ ಮನೇಲಿ ಯಾರ್ ಸತ್ತವ್ರೆ, ಹೇಳಿ ನೋಡಾನ, ಹಂಸಾ, ಸ್ಟೂಲು ತತ್ತಾ, ಹತ್ತು. ಹತ್ತಿದೆ. ಹತ್ತಿದವಳು ಪ್ರತಿ ವರ್ಷ ಹತ್ತುತ್ತಲೇ ಇದ್ದೇನೆ. ಇವರ ಮಗ ಬದುಕಿದ್ದಾನೆ ಎಂದು ಬೀದಿಗೆಲ್ಲ ಸಾರುವುದು ನನ್ನ ಕೆಲಸ, ನನ್ನ ಕುಂಕುಮಕ್ಕಿಂತ ಈ ಬುಟ್ಟಿಯ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ನನಗೂ ಇತ್ತು, ಯಾಕೆ ಸುಳ್ಳು ಹೇಳಲಿ, ಮೊದಮೊದಲು ಗೇಟು ಸದ್ದಾದರೆ ಒಲೆ ಬಿಟ್ಟು ಓಡಿಬರುತ್ತಿದ್ದೆ, ಆಮೇಲಾಮೇಲೆ ಗೇಟು ಸದ್ದಾದರೆ ಹಾಲಿನವನು.

ಅಕ್ಕಾರ, ಬುಟ್ಟಿ ಏರ್ಸಿದ್ರೇನ್ರಿ, ಎನ್ನುತ್ತಾ ಜಟ್ಟೆಮ್ಮ ಬಿಂದಿಗೆ ಹೊತ್ತು ಹೋದಳು, ಹಿಂದಿನ ಸಾಲಿನ ಬಾಡಿಗೆ ಮನೆಯವಳು, ಯಾದಗಿರಿ ಕಡೆಯವಳು, ಅವಳ ಬಾಗಿಲಿಗೆ ಶಿವಾಜಿನಗರದಲ್ಲಿ ಕೊಂಡ ಕ್ರಿಸ್ಮಸ್ ನಕ್ಷತ್ರ ತೂಗುತ್ತಿದೆ, ಇದೂ ಆಕಾಶಬುಟ್ಟಿನೇ ಬಿಡ್ರಿ, ದೀಪಕ್ಕ ಜಾತಿ ಎಲ್ಲಿಂದ ಬರ್ಬೇಕ್ರಿ ಎನ್ನುತ್ತಾಳೆ, ಅವಳ ಗಂಡ ಒಂದೇ ಏಟಿಗೆ ಮೊಳೆ ಹೊಡೆದು ತೂಗುಹಾಕಿದ, ಐದು ನಿಮಿಷದ ಕೆಲಸ. ಶಿವಾಜಿನಗರ — ಬೇಡ, ಅಲ್ಲಿಗೆ ಹೋಗಬೇಡ ಮನಸೇ, ಹೋಗಿ ಬಂದದ್ದು ಸಾಕು ನಿನ್ನೆ — ಖುರ್ಷೀದ್ ಭಾಯಿ ಅಂಗಡಿ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸುತ್ತಾ ಕೂತಿರುತ್ತಾನೆ, ಮದುವೆಯಾದ ವರ್ಷ ಮುನೀಂದ್ರನೇ ಕರೆದುಕೊಂಡು ಹೋಗಿದ್ದು, ಬುಟ್ಟಿ ಅಂದ್ರೆ ಇವನತ್ರಾನೇ, ಬೇರೆ ಕಡೆ ತಗೊಂಡ್ರೆ ಇಬ್ನಿಗೇ ಬಿಟ್ಕೊಳತ್ತೆ ಅಂದಿದ್ದ. ಆಮೇಲೆ ನಾನೊಬ್ಬಳೇ ಹೋಗುತ್ತಿದ್ದೆ, ಅಣ್ಣ ಬರ್ಲಿಲ್ವಾ ಅಕ್ಕಾ ಎಂದು ಖುರ್ಷೀದ್ ಕೇಳುವನು, ಶಿಫ್ಟು ಎನ್ನುತ್ತಿದ್ದೆ, ಪ್ರತಿ ವರ್ಷ ಶಿಫ್ಟು, ಗಂಡ ಓಡಿಹೋದ ಎಂದು ಅಂಟು ಕಲಸುವವನ ಹತ್ತಿರ ಹೇಳಿಕೊಳ್ಳುತ್ತಾರೆಯೇ ಯಾರಾದರೂ. ಅದಕ್ಕೇ ನಿನ್ನೆ ನನ್ನನ್ನು ಕಂಡು ನಕ್ಕ, ಏನಕ್ಕಾ, ಮತ್ತೆ ಬಂದ್ರಿ, ಅಣ್ಣ ಮೊನ್ನೆನೇ ಬಂದು ತಗೊಂಡೋದ್ರಲ್ಲ, ದೊಡ್ಡದು ಬಾಗ್ಲಿಗೆ, ಚಿಕ್ಕದು ಪಾಪು ಕೈಗೆ, ಪಾಪು ಆಗಿದ್ದು ನೀವ್ ಹೇಳ್ಲೇ ಇಲ್ಲ.

ಗಲ್ಲಿಯಲ್ಲಿ ಆಟೋ ಹಾರ್ನ್ ಹೊಡೆಯುತ್ತಿತ್ತು, ಜರುಗಿ ನಿಂತೆ, ಜರುಗಿದ್ದು ನೆನಪಿದೆ. ದೊಡ್ಡದು ಹರಿದೋಯ್ತು ಭಾಯಿ, ಇನ್ನೊಂದು ಕೊಡಿ, ಎಂದದ್ದು ನಾನೇ, ಅಷ್ಟು ಸಲೀಸಾಗಿ ನನ್ನ ಬಾಯಿಗೆ ಅದು ಹೇಗೆ ಬಂತೋ. ಹುಡುಗಾನಾ ಹುಡುಗೀನಾ ಎಂದ, ಹುಡುಗಿ ಎಂದೆ, ಯಾರಿಗೆ ಗೊತ್ತು, ಪಾಪೂಗೆ ಎಂದು ಗುಲಾಬಿ ಬಣ್ಣದ ಕಾಗದ ಒಂದು ಹಾಳೆ ಸುತ್ತಿ ಕೊಟ್ಟ, ಅದನ್ನು ಬಸ್ಸಿನ ಸೀಟಿನ ಮೇಲೇ ಬಿಟ್ಟು ಇಳಿದೆ, ಹಲಸೂರು ದಾಟುವವರೆಗೆ ತೊಡೆ ಮೇಲೇ ಇತ್ತು. ಥೂ, ನಾಚಿಕೆಗೆಟ್ಟವನೇ, ಎಲ್ಲ ಬಿಟ್ಟೆಯಲ್ಲೋ, ಅಂಗಡಿಯನ್ನು ಬಿಡುವುದಕ್ಕೆ ಆಗಲಿಲ್ಲವೇ, ಗಂಡಸರು ಹೆಂಡತಿಯನ್ನು ಬಿಟ್ಟಾರು, ಕ್ಷೌರದಂಗಡಿ ಬದಲಾಯಿಸುವುದಿಲ್ಲ. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ, ನಿದ್ದೆ ಬಂತು, ಮುಂದಿನ ಸೀಟಿನ ಕಂಬಿ ಹಿಡಿದು ಕೂತಲ್ಲೇ ತೂಕಡಿಸಿದೆ, ಇಷ್ಟು ವರ್ಷ ಎಚ್ಚರವಾಗಿದ್ದದ್ದಕ್ಕೆಲ್ಲ ಸೇರಿಸಿ ಬಂದ ನಿದ್ದೆ. ಬುಟ್ಟಿ ಸುಳ್ಳು ಹೇಳಿರಲಿಲ್ಲ ನೋಡಿ ಅತ್ತೆ, ಬದುಕಿದ್ದಾನೆ, ಚೆನ್ನಾಗಿಯೇ ಇದ್ದಾನೆ, ಎಂದು ಬಂದ ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಈ ಮುದುಕಿ ಮೊದಲು ಕುಕ್ಕರಿಸುತ್ತಾರೆ, ಆಮೇಲೆ ಪಾಪು ಎಂಬ ಒಂದು ಮಾತು ಹಿಡಿದುಕೊಳ್ಳುತ್ತಾರೆ, ನನ್ ಮೊಮ್ಮಗು ಎಲ್ಲೈತೆ, ಕರ್ಕೊಂಬಾ ಎಲ್ಲಾರ್ನೂವೆ. ಅವನು ಬರುತ್ತಾನೆ, ಆ ಇನ್ನೊಬ್ಬಳೂ ಬರುತ್ತಾಳೆ, ಮಗು ಈ ಜಗುಲಿಯಲ್ಲಿ ಬುಟ್ಟಿ ಹಿಡಿದು ಓಡಾಡುತ್ತದೆ, ಅತ್ತೆ ಕಜ್ಜಾಯ ತಿನ್ನುತ್ತಾರೆ, ಸುಡುವವಳು ನಾನು — ಯಾವ ಲೆಕ್ಕದಲ್ಲಿ, ಯಾರೆಂದು. ಹೇಳದಿದ್ದರೆ ಈ ಮನೆ ನನ್ನದು, ಈ ಮುದುಕಿ ನನ್ನವರು, ರಾತ್ರಿ ಕಾಲು ಒತ್ತಿದರೆ ನನ್ತಾಯಿ ಎನ್ನುತ್ತಾರೆ, ಆದರೆ ಪ್ರತಿ ವರ್ಷ ಸ್ಟೂಲು ಹತ್ತಬೇಕು, ಮಗ ಬರುವ ದಾರಿಗೆ ದೀಪ ಹಚ್ಚಬೇಕು, ಅವನು ಇನ್ನೊಂದು ಬಾಗಿಲಿಗೆ ಹಚ್ಚಿಕೊಂಡು ಕೂತಿದ್ದಾನೆ ಎಂದು ಗೊತ್ತಿದ್ದೂ. ಒಂದು ಗಂಟು ಬಿತ್ತು. ಇನ್ನೊಂದು ಹಾಕಬೇಕು, ಗಾಳಿಗೆ ಬಿಚ್ಚಿಕೊಳ್ಳುತ್ತದೆ. ಅವನೂ ಈಗ ಕಟ್ಟುತ್ತಿರುತ್ತಾನೆ, ಸಂಜೆಯಾಯಿತಲ್ಲ, ಯಾವುದೋ ಸಜ್ಜೆಗೆ ಕೈ ಚಾಚಿ, ಹಲ್ಲಲ್ಲಿ ದಾರ ಕಚ್ಚಿ, ಕೆಳಗೆ ಒಂದು ಜೋಡಿ ಕೈ, ಬಳೆ ತುಂಬಿದ ಕೈ, ಹುಷಾರು ಎನ್ನುತ್ತಾ.

ಸ್ವಿಚ್ ಹಾಕ್ಲಾ, ಎಂದರು ಅತ್ತೆ. ಹೂಂ. ಒಂದು ಕೈ ಬಿಟ್ಟು ಗೋಡೆಗೆ ಚಾಚಿದರು, ಬುಟ್ಟಿ ಬೆಳಗಿತು, ಕೆಂಪು, ಹಳದಿ, ಕಾಗದದ ಬಾಲ ನನ್ನ ಮೂಗಿಗೆ ತಾಗುತ್ತಿದೆ, ಅವರ ಮುಖದ ಮೇಲೆ ಬೆಳಕು ಬಿದ್ದು ಸುಕ್ಕೆಲ್ಲ ಕಾಣುತ್ತಿದೆ, ತುಟಿ ಅಲುಗುತ್ತಿದೆ, ದೇವರಿಗೆ ಏನೋ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ, ದೇವರಿಗಲ್ಲ, ಬುಟ್ಟಿಗೆ — ಎಲ್ಲಾರ ಇರ್ಲಿ, ಯಾರ್ ಜತೆನಾರ ಇರ್ಲಿ, ಉಸ್ರಾಡ್ಕೊಂಡಿರ್ಲಿ ನನ್ ಮಗ. ಯಾರ ಜೊತೆಗಾದರೂ. ಈ ಮಾತು ಇಷ್ಟು ವರ್ಷ ಇರಲಿಲ್ಲ, ಎಲ್ಲಾದರೂ ಇರಲಿ ಎನ್ನುವುದಷ್ಟೇ ಇತ್ತು, ಯಾರ ಜೊತೆಗಾದರೂ ಎನ್ನುವುದು ಎಲ್ಲಿಂದ ಬಂತು, ಯಾರು ಹೇಳಿದರು, ಯಾವಾಗಿನಿಂದ ಗೊತ್ತು, ಗೊತ್ತಿದ್ದೇ ನನ್ನನ್ನು ಹತ್ತಿಸಿದರೇ ಹೋದ ವರ್ಷ, ಅದರ ಹಿಂದಿನ ವರ್ಷ, ಗೊತ್ತಿದ್ದೇ ಕಾಲು ಒತ್ತಿಸಿಕೊಂಡು ನನ್ತಾಯಿ ಎಂದರೇ — ಕೇಳಬೇಕು, ಬಾಯಲ್ಲಿ ದಾರದ ತುದಿ, ಬಿಟ್ಟರೆ ಗಂಟು ಸಡಿಲ, ಅತ್ತೆ ಇನ್ನೊಂದು ಕೈಯನ್ನೂ ಎತ್ತಿದರು, ಎರಡೂ ಕೈ ಜೋಡಿಸಿ ಬುಟ್ಟಿಗೆ ಮುಗಿಯುತ್ತಿದ್ದಾರೆ, ಕಣ್ಣು ಮುಚ್ಚಿದ್ದಾರೆ, ಸ್ಟೂಲು ಮೋಟುಕಾಲಿನ ಕಡೆಗೆ ವಾಲಿತು, ಅತ್ತೆ, ಸ್ಟೂಲು, ಸ್ಟೂಲು ಹಿಡ್ಕೊಳ್ಳಿ, ದಾರ ಕಚ್ಚಿದ ಬಾಯಿಂದ ಹೂಂ ಎಂದಷ್ಟೇ ಹೊರಟಿತು, ಸಜ್ಜೆಯ ಕೊಕ್ಕೆಗೆ ಜೋತು ನಿಂತಿದ್ದೇನೆ, ಕೆಳಗೆ ಯಾರೂ ಹಿಡಿದಿಲ್ಲ, ಅಲ್ಲಿ ಅವನ ಸ್ಟೂಲನ್ನು ಎರಡು ಕೈ ಹಿಡಿದಿವೆ, ಬಳೆ ತುಂಬಿದ ಎರಡು ಕೈ, ಗಟ್ಟಿಯಾಗಿ, ಎರಡೂ ಕೈ —