ಜ್ವರವಿಲ್ಲದವರ ಸಾಲು

“ಅಂಗನವಾಡಿ ಮೊಟ್ಟೇನೂ ನೀನೇ ನುಂಗ್ತೀಯೇನಮ್ಮಾ? ಮಗು ನೋಡು, ಸುಣ್ಣ ಬಳಿದ ಗೋಡೆ ಆಗೈತೆ!”

ಬೇತಮಂಗಲದಾಚೆಯ ಇಟ್ಟಿಗೆ ಗೂಡಿಗೆ ತಿಂಗಳಿಗೊಮ್ಮೆ ಮಲೇರಿಯಾ ತಪಾಸಣೆಗೆ ಬರುವ ಶಿವಪ್ರಸಾದ್, ಮಾಲೀಕ ವೆಂಕಟಪ್ಪ ತರಿಸಿಕೊಟ್ಟ ಎಳನೀರು ಹೀರುತ್ತ ಕೇಳಿದ. ತಲೆಯ ಮೇಲಿನ ಹನ್ನೆರಡು ಇಟ್ಟಿಗೆ ಇಳಿಸದೆಯೇ ಪಿಳ್ಳಮ್ಮ ನಿಂತಳು. ಸೆರಗು ಹಿಡಿದಿದ್ದ ಐದು ವರ್ಷದ ನವ್ಯ ಮೂರು ತಿಂಗಳಿಂದ ಕೂತಲ್ಲೇ ತೂಕಡಿಸುತ್ತಿದ್ದಳು, ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಮೈ ಮಾತ್ರ ಒಂದು ದಿನವೂ ಸುಟ್ಟಿರಲಿಲ್ಲ.

“ರಕ್ತ ತಗುದ್ ನೋಡು ಸಾ.”

“ಜ್ವರ ಇದ್ದೋರಿಗೆ ಮಾತ್ರ.” ಅವನು ಹುಡುಗಿಯ ಹಣೆಗೆ ಜ್ವರ ಅಳೆಯುವ ಯಂತ್ರ ಹಿಡಿದ. “ತೊಂಬತ್ತೆಂಟು. ನೂರು ದಾಟಿದ್ರೆ ಬಾ. ಈಗ ಸೊಪ್ಪು ತಿನ್ಸು, ಹೋಗು.”

“ಹೆತ್ತಾಕೋದು ಗೊತ್ತು ಮುಂಡೇವ್ಕೆ, ಇಕ್ಕೋದು ಗೊತ್ತಿಲ್ಲ,” ವೆಂಕಟಪ್ಪ ನಕ್ಕ. ಅವನ ಬೆನ್ನ ಹಿಂದೆ, ಮಣ್ಣು ತೆಗೆದ ಗುಂಡಿಗಳ ಹಸಿರು ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

ಮಗಳು ಬೇಡವೆಂದು ಬಿಟ್ಟ ಅರ್ಧ ಮೊಟ್ಟೆಯನ್ನು ಪಿಳ್ಳಮ್ಮ ಒಮ್ಮೆ ತಿಂದಿದ್ದಳು. ಹೋದ ತಿಂಗಳೂ ಶಿವಪ್ರಸಾದ್ ಇದೇ ಮಾತಾಡಿದಾಗ, ಆ ಅರ್ಧಕ್ಕಾಗಿ ವಾರವೆಲ್ಲ ತನ್ನನ್ನೇ ಬೈದುಕೊಂಡಿದ್ದಳು. ಇಂಥವನ ಮಾತು ನಂಬಿ! ಪಕ್ಕದ ಗುಡಿಸಲ ಹುಡುಗ ಬಾಲಾಜಿಯೂ ಹೀಗೇ ಬಿಳಿಚಿಕೊಂಡಿದ್ದ, ಅವನಿಗೂ ಜ್ವರವಿರಲಿಲ್ಲ. ಕೈ ಮುರಿದುಕೊಂಡು ಬಂಗಾರಪೇಟೆ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ರಕ್ತ ನೋಡಿ, ಮಲೇರಿಯಾ ಸದ್ದಿಲ್ಲದೆ ಒಳಗೇ ಕೂತು ರಕ್ತ ತಿನ್ನುತ್ತಿದೆ ಎಂದಿದ್ದರು. ಮಾತ್ರೆ ನುಂಗಿದ ಮೇಲೆ ಆ ಹುಡುಗ ಈಗ ಮರ ಹತ್ತುತ್ತಾನೆ.

ಅವಳು ತಲೆಯ ಹೊರೆ ಇಳಿಸಿ ಮಗಳನ್ನು ಗೂಡಿನ ಹಿಂದಕ್ಕೆ ಕರೆದೊಯ್ದಳು. ಇನ್ನೂ ಬಿಸಿಯಿದ್ದ ಇಟ್ಟಿಗೆಯೊಂದನ್ನು ಮೊದಲು ತನ್ನ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಸೆರಗಿನಲ್ಲಿ ಸುತ್ತಿ ನವ್ಯಳ ಹಣೆಗೆ ಒತ್ತಿದಳು.

“ಸುಡ್ತದಮ್ಮಾ.”

“ತಡ್ಕೊ ನನ್ ಕಂದಾ. ಆ ನನ್ಮಗನ್ ಯಂತ್ರಕ್ಕೆ ಜ್ವರ ಬೇಕಂತೆ.”

ಮಗಳನ್ನು ಮತ್ತೆ ತಪಾಸಣೆಯ ಮೇಜಿನ ಮುಂದೆ ತಂದು ನಿಲ್ಲಿಸಿದಾಗ ಯಂತ್ರ ನೂರಾ ಒಂದು ತೋರಿಸಿತು. ಶಿವಪ್ರಸಾದ್ ಗೊಣಗುತ್ತ ನವ್ಯಳ ಬೆರಳು ಚುಚ್ಚಿ ಕಿಟ್ಟಿಗೆ ಹನಿ ಹಾಕಿದ. ಕಾಲು ಗಂಟೆಯಲ್ಲಿ ಎರಡನೆಯ ಗೆರೆ ಮೂಡಿತು: ಮಲೇರಿಯಾ. ಅವನ ಬಾಯಿಂದ ಎಳನೀರಿನ ಕೊಳವೆ ಜಾರಿತು.

“ಜ್ವರ ಯಾವಾಗ ಬಂತು?”

ಪಿಳ್ಳಮ್ಮ ಸೆರಗಿನಲ್ಲಿದ್ದ ಆ ಇಟ್ಟಿಗೆಯನ್ನು ಅವನ ರಿಜಿಸ್ಟರಿನ ಮೇಲೆ ಕುಕ್ಕಿದಳು.

“ಮಗೀಗ್ ಬಂದಿಲ್ಲ ಕಣಯ್ಯ. ನಿನ್ ಯಂತ್ರಕ್ ಬಂದೈತೆ. ಬರ್ಕೊ.”

“ಲೇ, ಕೆಲ್ಸಕ್ ನಡಿಯೇ!” ವೆಂಕಟಪ್ಪ ಗದರಿದ.

ಅವಳು ಕದಲಲಿಲ್ಲ. ಗೂಡಿನ ಹಿಂದಿನಿಂದ, ಅವಳ ಜೊತೆ ಇಟ್ಟಿಗೆ ಹೊರುವ ಸುಮಲತ ಉಳಿದ ಕೂಲಿಗಳ ಮಕ್ಕಳನ್ನು ಕರೆತರುತ್ತಿದ್ದಳು. ಹನ್ನೊಂದು ಮಕ್ಕಳು, ಹನ್ನೊಂದು ಹಣೆಗಳ ಮೇಲೂ ಇಟ್ಟಿಗೆಯ ಕೆಂಪು ಧೂಳು. ಒಬ್ಬೊಬ್ಬರೂ ಮೇಜಿನ ಮುಂದೆ ನಿಂತು ಬೆರಳು ಚಾಚಿದರು.

“ಯಾರ್ಗೂ ಜ್ವರ ಇಲ್ಲ,” ಎಂದಳು ಪಿಳ್ಳಮ್ಮ. “ಚುಚ್ಚು.”